ಅಣಬೆಯಂಥ ಮೆದು ಹವಳ: ಎರಡು ಹೆಸರು, ಎರಡು ಕುಟುಂಬ, ಯಾವುದು ಸರಿ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಕೈಯಲ್ಲಿ ಆಳ ಸಮುದ್ರದ ಜೀವಿಗಳ ಬಗ್ಗೆ ಒಂದು ಚಾರ್ಟ್ ಮಾಡಿಸುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಒಂದು ವಿಡಿಯೋದಲ್ಲಿ ಅಣಬೆಯ ಹಾಗಿರುವ ಕೆಂಪು ಮೆದು ಹವಳ ಕಂಡಿತು. ಅದರ ಹೆಸರು ಒಂದು ಕಡೆ ಆಂಥೊಮಾಸ್ಟಸ್ ರಿಟ್ಟೆರಿ ಎಂದಿದೆ, ಇನ್ನೊಂದು ಕಡೆ ಹೆಟೆರೊಪಾಲಿಪಸ್ ರಿಟ್ಟೆರಿ. ಕುಟುಂಬದ ಹೆಸರೂ ಬೇರೆ ಬೇರೆ. ಹಳೆಯ ಪುಸ್ತಕದಲ್ಲಿ ಆಲ್ಸಿಯೊನಿಡೀ, ಈಗಿನ ಪಟ್ಟಿಯಲ್ಲಿ ಕೊರಾಲಿಡೀ. ಕೊರಾಲಿಡೀ ಅಂದರೆ ಉಂಗುರಕ್ಕೆ ಕೂರಿಸುವ ಗಟ್ಟಿ ಹವಳದ ಕುಟುಂಬ ಅಲ್ವಾ? ಮೆತ್ತಗಿರುವ ಈ ಪ್ರಾಣಿ ಅಲ್ಲಿಗೆ ಹೇಗೆ ಬಂತು? ಇದನ್ನೆಲ್ಲ ಯಾರು ತೀರ್ಮಾನಿಸುತ್ತಾರೆ?

ಉತ್ತರ: ಎರಡು ಹೆಸರೂ ಒಂದೇ ಪ್ರಾಣಿಯವು. ಈಗ ಚಾಲ್ತಿಯಲ್ಲಿರುವುದು ಹೆಟೆರೊಪಾಲಿಪಸ್ ರಿಟ್ಟೆರಿ. ಕುಟುಂಬ ಕೊರಾಲಿಡೀ. ಹೌದು, ನಿಮ್ಮ ಊಹೆ ಸರಿ, ಅದು ಉಂಗುರದ ಹವಳದ ಕುಟುಂಬವೇ.

ಗೊಂದಲ ಆಗುವುದಕ್ಕೆ ಕಾರಣ ಇದೆ. ಇಲ್ಲಿ ಎರಡು ಕೆಲಸ ಒಂದಕ್ಕೊಂದು ಹೆಣೆದುಕೊಂಡಿವೆ. ಪ್ರಾಣಿಗೆ ಹೆಸರಿಡುವುದು ಒಂದು. ಅದು ಯಾರ ನೆಂಟ ಎಂದು ಹುಡುಕುವುದು ಇನ್ನೊಂದು. ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ, ಕಾನೂನು ಪುಸ್ತಕದಷ್ಟೇ ಕಟ್ಟುನಿಟ್ಟು. ನಂಟಸ್ತಿಕೆಗೆ ಅಂಥ ಯಾವ ಪುಸ್ತಕವೂ ಇಲ್ಲ. ಅಲ್ಲಿ ಪುರಾವೆ ಸಿಕ್ಕಂತೆ ಅಭಿಪ್ರಾಯ ಬದಲಾಗುತ್ತದೆ. ನಿಮ್ಮ ಅಣಬೆ ಹವಳದ ಕಥೆಯಲ್ಲಿ ಎರಡೂ ಚೆನ್ನಾಗಿ ಕಾಣುತ್ತವೆ.

ಮೊದಲು ಪ್ರಾಣಿಯನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ಸಮುದ್ರದ ಮೇಲ್ಮೈಯಿಂದ ಕೆಲವು ನೂರು ಮೀಟರ್‌ನಿಂದ ಹಿಡಿದು ಸಾವಿರ ಮೀಟರ್‌ಗೂ ಕೆಳಗೆ, ಬಂಡೆಗೆ ಅಂಟಿಕೊಂಡು ಬದುಕುತ್ತದೆ. ಕೆಳಗೆ ದಪ್ಪ ಕಾಂಡ, ಮೇಲೆ ಗುಂಡನೆಯ ತಲೆ. ತಲೆಯ ತುಂಬ ಹೂವಿನಂತೆ ಅರಳಿದ ಪಾಲಿಪ್‌ಗಳು, ಅಂದರೆ ಒಟ್ಟಿಗೆ ಸೇರಿ ವಸಾಹತು ಕಟ್ಟಿಕೊಂಡ ಪುಟ್ಟ ಜೀವಿಗಳು. ಒಂದೊಂದು ಪಾಲಿಪ್‌ಗೂ ಎಂಟು ತೋಳು, ಪ್ರತಿ ತೋಳಿನ ಎರಡೂ ಬದಿಗೆ ಹಕ್ಕಿಗರಿಯಲ್ಲಿರುವಂಥ ಸಣ್ಣ ಎಳೆಗಳು. ಈ ಎಂಟರ ಲೆಕ್ಕ ನೆನಪಿಡಿ. ಎಂಟು ತೋಳಿನ ಹವಳಗಳೆಲ್ಲ ಸೇರಿ ಆಕ್ಟೊಕೊರಾಲಿಯಾ. ಹವಳದ ದಿಬ್ಬ ಕಟ್ಟುವ ಕಲ್ಲು ಹವಳಗಳದು ಆರರ ಲೆಕ್ಕ, ಅವು ಬೇರೆಯದೇ ಗುಂಪು.

ವಿಡಿಯೋವನ್ನು ನಿಲ್ಲಿಸಿ ಹೂವುಗಳ ನಡುವಿನ ಜಾಗ ನೋಡಿ. ಅಲ್ಲಿ ಸಣ್ಣ ಸಣ್ಣ ಗುಬುಟುಗಳು ಕಾಣಬಹುದು. ಅವೂ ಪಾಲಿಪ್‌ಗಳೇ. ಆದರೆ ಅವು ಬೇಟೆ ಹಿಡಿಯುವುದಿಲ್ಲ. ನೀರನ್ನು ವಸಾಹತಿನ ಒಳಗೆ ಹರಿಸುವುದು ಅವುಗಳ ಕೆಲಸ. ದೊಡ್ಡವು ಆಟೊಜೂಯಿಡ್, ಸಣ್ಣವು ಸೈಫನೊಜೂಯಿಡ್. ಒಂದೇ ಮೈಯಲ್ಲಿ ಎರಡು ಬಗೆಯ ಪಾಲಿಪ್ ಇರುವ ಈ ಗುಣ ಮುಂದೆ ಬೇಕಾಗುತ್ತದೆ.

ಇದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಚಾರ್ಲ್ಸ್ ಕ್ಲೀವ್‌ಲ್ಯಾಂಡ್ ನಟಿಂಗ್, 1909ರಲ್ಲಿ. ಆಲ್ಬಟ್ರಾಸ್ ಎಂಬ ಸಂಶೋಧನಾ ಹಡಗು 1904ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಬಲೆ ಎಳೆದಿತ್ತು. ಆಗ ಸಿಕ್ಕ ಎಂಟು ತೋಳಿನ ಹವಳಗಳನ್ನೆಲ್ಲ ನಟಿಂಗ್ ಪರಿಶೀಲಿಸಿ ವರದಿ ಬರೆದರು. ನಾವು ಈಗ ವಿಡಿಯೋದಲ್ಲಿ ನೋಡುವಂಥ ಅರಳಿದ ಹೂವು ಅವರಿಗೆ ಕಾಣಿಸಿರಲಿಲ್ಲ. ಬಲೆಯಲ್ಲಿ ಎಳೆದು ಮೇಲೆ ತಂದರೆ ಪಾಲಿಪ್‌ಗಳು ಒಳಗೆ ಮುದುಡಿಕೊಳ್ಳುತ್ತವೆ. ಮದ್ಯಸಾರದ ಜಾಡಿಗೆ ಹಾಕಿದ ಮೇಲೆ ಬಣ್ಣವೂ ಹೋಗುತ್ತದೆ. ಆಳ ಸಮುದ್ರದ ಎಷ್ಟೋ ಮೆದು ಹವಳಗಳಿಗೆ ಹೆಸರು ಸಿಕ್ಕಿದ್ದು ಇಂಥ ಮುದ್ದೆಗಳನ್ನು ನೋಡಿಯೇ. ಅದಕ್ಕೇ ಹಳೆಯ ವರ್ಣನೆಗಳಲ್ಲಿ ಬಣ್ಣದ ಮಾತು ಓದುವಾಗ ಸ್ವಲ್ಪ ಹುಷಾರಾಗಿರಬೇಕು.

ನಟಿಂಗ್ ಇದನ್ನು ಆಂಥೊಮಾಸ್ಟಸ್ ಎಂಬ ಕುಲಕ್ಕೆ ಸೇರಿಸಿದರು. ಕುಲ ಅಂದರೆ ಹತ್ತಿರದ ನೆಂಟ ಪ್ರಭೇದಗಳ ಗುಂಪು. ಆ ಕುಲವನ್ನು 1878ರಲ್ಲೇ ಯೇಲ್ ವಿಶ್ವವಿದ್ಯಾಲಯದ ಆಡಿಸನ್ ವೆರಿಲ್ ಸ್ಥಾಪಿಸಿದ್ದರು, ಉತ್ತರ ಅಟ್ಲಾಂಟಿಕ್‌ನ ಆಂಥೊಮಾಸ್ಟಸ್ ಗ್ರಾಂಡಿಫ್ಲೋರಸ್ ಎಂಬ ಪ್ರಭೇದಕ್ಕಾಗಿ. ಹೊಸ ಪ್ರಭೇದಕ್ಕೆ ನಟಿಂಗ್ ಇಟ್ಟ ಹೆಸರು ರಿಟ್ಟೆರಿ. ಈಗಿನ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಗೆ ತಳಪಾಯ ಹಾಕಿದ ವಿಲಿಯಂ ರಿಟ್ಟರ್ ಅವರ ಗೌರವಕ್ಕೆ. ಗಂಡಸಿನ ಹೆಸರಿಟ್ಟರೆ ಕೊನೆಗೆ 'ಇ' ಬರುತ್ತದೆ, ಹೆಂಗಸಿನ ಹೆಸರಿಟ್ಟರೆ 'ಎ'. ಅದೇ ಈಶಾನ್ಯ ಪೆಸಿಫಿಕ್‌ನಿಂದ 2009ರಲ್ಲಿ ಗ್ಯಾರಿ ವಿಲಿಯಮ್ಸ್ ಮತ್ತು ಲೋನಿ ಲುಂಡ್‌ಸ್ಟನ್ ವರ್ಣಿಸಿದ ಇನ್ನೊಂದು ಮೆದು ಹವಳ ಗೆರ್ಸೆಮಿಯಾ ಜೂಲಿಪ್ಯಾಕಾರ್ಡೆ. ಅದು ಮಾಂಟೆರೆ ಬೇ ಅಕ್ವೇರಿಯಂನ ಆಗಿನ ಮುಖ್ಯಸ್ಥೆ ಜೂಲಿ ಪ್ಯಾಕಾರ್ಡ್ ಅವರ ಹೆಸರು. ಹೆಸರಿಡುವವರು ತಮ್ಮ ಹೆಸರನ್ನೇ ಇಟ್ಟುಕೊಳ್ಳಬಾರದು ಎಂದು ನಿಯಮಗಳಲ್ಲಿ ನೇರವಾಗಿ ಇಲ್ಲ. ಆದರೆ ಹಾಗೆ ಮಾಡಿದವರನ್ನು ಉಳಿದವರು ಆಡಿಕೊಳ್ಳುವುದು ಗ್ಯಾರಂಟಿ.

ಈಗ ನಿಯಮದ ಮಾತು. ಹೊಸ ಪ್ರಭೇದಕ್ಕೆ ಹೆಸರಿಡಬೇಕಾದರೆ ಪ್ರಕಟಿತ ವರ್ಣನೆ ಬೇಕು. ಈ ಹೆಸರು ಇದರದ್ದೇ ಎಂದು ಬೆರಳು ಮಾಡಿ ತೋರಿಸಲು ಒಂದು ಮಾದರಿ ಬೇಕು. ಅದನ್ನು ಮ್ಯೂಸಿಯಂನಲ್ಲಿ ಇಡುತ್ತಾರೆ. ಒಂದೇ ಮಾದರಿ ಆಧಾರವಾಗಿದ್ದರೆ ಅದು ಹೋಲೊಟೈಪ್. ನೂರು ವರ್ಷ ಕಳೆದು ಯಾರಿಗೋ ಅನುಮಾನ ಬಂದರೆ ಆ ಜಾಡಿಯನ್ನೇ ತೆರೆದು ನೋಡಬೇಕು. ವರ್ಣನೆಯಲ್ಲಿ ತಪ್ಪಿರಬಹುದು, ಚಿತ್ರ ಒರಟಾಗಿರಬಹುದು. ಆದರೂ ಹೆಸರು ಅಂಟಿಕೊಂಡಿರುವುದು ಆ ಮಾದರಿಗೆ. ಒಂದೇ ಪ್ರಾಣಿಗೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದದ್ದಕ್ಕೆ ಆದ್ಯತೆ. ಈ ಲೆಕ್ಕ ಶುರುವಾಗುವುದು 1758ರಿಂದ, ಸ್ವೀಡನ್ನಿನ ಲಿನ್ನೆಯಸ್ ಬರೆದ ಸಿಸ್ಟೆಮಾ ನ್ಯಾಚುರೇ ಪುಸ್ತಕದ ಹತ್ತನೇ ಆವೃತ್ತಿಯಿಂದ.

ಹಾಗಾಗಿ ರಿಟ್ಟೆರಿ ಎಂಬ ಭಾಗ ಸುಲಭಕ್ಕೆ ಅಲ್ಲಾಡುವುದಿಲ್ಲ. ಅಲ್ಲಾಡುವುದು ಅದರ ಮುಂದಿನ ಪದ, ಅಂದರೆ ಕುಲದ ಹೆಸರು. ಯಾಕೆಂದರೆ ಯಾವ ಕುಲ ಅನ್ನುವುದು ನಂಟಸ್ತಿಕೆಯ ಪ್ರಶ್ನೆ. ನಿಯಮ ಅದಕ್ಕೆ ಕೈ ಹಾಕುವುದಿಲ್ಲ.

ಆಂಥೊಮಾಸ್ಟಸ್ ವಿಷಯದಲ್ಲಿ ಆಗಿದ್ದು ಇದೇ. ಬಹಳ ವರ್ಷ ಆಳ ಸಮುದ್ರದಲ್ಲಿ ಸಿಕ್ಕಿದ ಅಣಬೆಯಂಥ ಕೆಂಪು ಮೆದು ಹವಳಗಳನ್ನೆಲ್ಲ ಅದೇ ಕುಲಕ್ಕೆ ತುಂಬುತ್ತಾ ಬಂದರು. ಅಟ್ಲಾಂಟಿಕ್‌ನದು, ಪೆಸಿಫಿಕ್‌ನದು, ಅಂಟಾರ್ಕ್ಟಿಕದ ಸುತ್ತಲಿನದು ಎಲ್ಲ ಅಲ್ಲಿಗೇ. ನಡುವೆ ಪ್ಯಾರಿಸ್ ಮ್ಯೂಸಿಯಂನ ಆಂದ್ರೆ ಟಿಕ್ಸಿಯೆ-ದ್ಯುರಿವೊ 1964ರಲ್ಲಿ ಹೆಟೆರೊಪಾಲಿಪಸ್ ಎಂಬ ಬೇರೆ ಕುಲ ಮಾಡಿದ್ದರು. ಅದನ್ನು ಹೆಚ್ಚು ಜನ ಬಳಸಲಿಲ್ಲ. 2013ರಲ್ಲಿ ಮಾಸ್ಕೋದ ಶಿರ್ಶೋವ್ ಸಾಗರ ವಿಜ್ಞಾನ ಸಂಸ್ಥೆಯ ಟೀನಾ ಮೊಲೊಡ್ತ್ಸೋವಾ ಉತ್ತರ ಅಟ್ಲಾಂಟಿಕ್‌ನ ನಡುವಿನ ಬೆಟ್ಟಸಾಲಿನ ಅಣಬೆ ಹವಳಗಳನ್ನು ಕೂತು ಪರಿಶೀಲಿಸಿದರು. ಎಲ್ಲವನ್ನೂ ಒಂದೇ ಕುಲದಲ್ಲಿ ಇಡುವುದು ಸರಿಯಲ್ಲ ಎಂದು ತೋರಿಸಿದರು. ಆಂಥೊಮಾಸ್ಟಸ್ ಕಿರಿದಾಯಿತು. ಹೆಟೆರೊಪಾಲಿಪಸ್ ಮತ್ತೆ ಬಳಕೆಗೆ ಬಂತು, ಸ್ಯೂಡೊಆಂಥೊಮಾಸ್ಟಸ್ ಎಂಬ ಮೂರನೆಯದೂ ಬಂತು. ಹೆಟೆರೊಪಾಲಿಪಸ್ ಸೋಲ್ ಎಂಬ ಹೊಸ ಪ್ರಭೇದವೂ ಅದೇ ಲೇಖನದಲ್ಲಿದೆ. ನಮ್ಮ ರಿಟ್ಟೆರಿಯ ಈಗಿನ ಮನೆ ಈ ಹೆಟೆರೊಪಾಲಿಪಸ್. ಇಲ್ಲಿ ಗಮನಿಸಿ: ಅವರು ಸುಮ್ನೆ ಒಂದು ಹೊಸ ಹೆಸರು ಕಟ್ಟಲಿಲ್ಲ. ಆ ಗುಂಪಿಗೆ 1964ರ ಹೆಸರು ಇದ್ದೇ ಇತ್ತು. ಇದ್ದ ಹೆಸರನ್ನು ಬಿಟ್ಟು ಹೊಸದು ಇಡಲು ನಿಯಮ ಬಿಡುವುದಿಲ್ಲ.

ಇಂಥ ಕುಲಗಳನ್ನು ಬಿಡಿಸುವುದು ಹೇಗೆ? ಹೊರಗಿನ ಆಕಾರ ನೋಡಿ ಮಾತ್ರ ಆಗುವುದಿಲ್ಲ. ಮೆದು ಹವಳದ ಮಾಂಸದ ಒಳಗೆ ಸುಣ್ಣದ ಸಣ್ಣ ಚೂರುಗಳು ಹುದುಗಿರುತ್ತವೆ. ಅವಕ್ಕೆ ಸ್ಕ್ಲೆರೈಟ್ ಎನ್ನುತ್ತಾರೆ. ಹವಳದ ಒಂದು ಚೂರನ್ನು ಗಾಜಿನ ಮೇಲಿಟ್ಟು ಮೇಲೆ ಬ್ಲೀಚ್ ಹನಿಸಬೇಕು. ಬಟ್ಟೆಗೆ ಹಾಕುವ ಅದೇ ದ್ರವ ಬ್ಲೀಚ್. ಗುಳ್ಳೆ ಏಳುತ್ತದೆ, ಮಾಂಸ ಕರಗುತ್ತದೆ. ತಳದಲ್ಲಿ ಪುಡಿಯಂಥದ್ದು ಉಳಿಯುತ್ತದೆ. ಅದನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬರಿಗಣ್ಣಿಗೆ ಪುಡಿಯಾಗಿ ಕಂಡದ್ದರ ನಿಜ ರೂಪ ಗೊತ್ತಾಗುತ್ತದೆ. ಸೂಜಿಯಂಥವು, ಮುಳ್ಳು ಮುಳ್ಳಾದ ಕಡ್ಡಿಗಳು, ಸಣ್ಣ ದಿಂಡಿನ ಸುತ್ತ ಗುಬುಟು ಮೂಡಿದವು. ಪಾಲಿಪ್‌ನ ಗೋಡೆಯಲ್ಲಿ ಒಂದು ಬಗೆ, ತಲೆಯ ಮೇಲ್ಪದರದಲ್ಲಿ ಇನ್ನೊಂದು, ಕಾಂಡದ ಒಳಗೆ ಮತ್ತೊಂದು. ಎಲ್ಲಿಂದ ಚೂರು ತೆಗೆದಿರಿ ಎಂದು ಬರೆದಿಡದಿದ್ದರೆ ಮಾಡಿದ ಕೆಲಸವೆಲ್ಲ ದಂಡ. ಇಂದಿಗೂ ಮೆದು ಹವಳದ ಯಾವ ಹೊಸ ಪ್ರಭೇದದ ಲೇಖನ ತೆರೆದರೂ ಅರ್ಧ ಪುಟಗಳು ಈ ಸ್ಕ್ಲೆರೈಟ್‌ಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೇ.

ನಿಮ್ಮ ಮುಖ್ಯ ಪ್ರಶ್ನೆಗೆ, ಅಂದರೆ ಗಟ್ಟಿ ಹವಳದ ಮನೆಗೆ ಮೆದು ಹವಳ ಬಂದದ್ದು ಹೇಗೆ ಎಂಬುದಕ್ಕೆ, ಉತ್ತರ ಸಿಗುವುದೂ ಈ ಚೂರುಗಳಲ್ಲೇ.

ನಮ್ಮಲ್ಲಿ ಕುಜನಿಗೆಂದು ಉಂಗುರದಲ್ಲಿ ಹಾಕುವ, ಕರಿಮಣಿ ಸರದ ನಡುವೆ ಪೋಣಿಸುವ ಕೆಂಪು ಹವಳ ಮೂಲತಃ ಮೆಡಿಟರೇನಿಯನ್ ಸಮುದ್ರದ ಕೊರಾಲಿಯಂ ರೂಬ್ರಂ. ಇಟಲಿಯ ನೇಪಲ್ಸ್ ಹತ್ತಿರದ ಟೊರ್ರೆ ಡೆಲ್ ಗ್ರೆಕೊ ಊರು ಇದನ್ನು ಕಡೆದು ಹೊಳಪು ಕೊಡುವ ಕಸುಬಿಗೇ ಹೆಸರುವಾಸಿ. ಇದೂ ಎಂಟು ತೋಳಿನ ಹವಳ. ಅದರ ನಡುವಿನ ಗಟ್ಟಿ ಕಡ್ಡಿ ಮೂಳೆಯಂತೆ ಬೇರೆಯಾಗಿ ಹುಟ್ಟಿದ್ದಲ್ಲ. ಅದೇ ಸ್ಕ್ಲೆರೈಟ್‌ಗಳು ಒತ್ತಾಗಿ ಸೇರಿ, ನಡುವಿನ ಸಂದಿಯಲ್ಲೆಲ್ಲ ಸುಣ್ಣ ತುಂಬಿಕೊಂಡು ಬೆಸೆದಾಗ ಆ ಕಡ್ಡಿ ಆಗುತ್ತದೆ. ಬಿಡಿ ಮಂಡಕ್ಕಿಗೂ ಬೆಲ್ಲದ ಪಾಕ ಹಾಕಿ ಕಟ್ಟಿದ ಮಂಡಕ್ಕಿ ಉಂಡೆಗೂ ಇರುವಷ್ಟೇ ವ್ಯತ್ಯಾಸ. ಅಣಬೆ ಹವಳದಲ್ಲಿ ಚೂರುಗಳು ಬಿಡಿಬಿಡಿ, ಮೈ ಮೆತ್ತಗೆ. ಕೊರಾಲಿಯಂನಲ್ಲಿ ಬೆಸೆದಿವೆ, ಮೈ ಕಲ್ಲು. ಇವೆರಡರ ನಡುವೆ ನಿಲ್ಲುವುದು ಪ್ಯಾರಾಗೋರ್ಜಿಯಾ ಎಂಬ ದೈತ್ಯ ಹವಳ, ಬಬಲ್‌ಗಮ್ ಹವಳ ಎಂದು ಕರೆಯುತ್ತಾರೆ. ಹಲವು ಮೀಟರ್ ಎತ್ತರ ಬೆಳೆಯುತ್ತದೆ. ಅದರ ಕೊಂಬೆಯ ಒಳಗೂ ಚೂರುಗಳು ಒತ್ತಾಗಿವೆ, ಆದರೆ ಬೆಸೆದುಕೊಂಡಿಲ್ಲ. ಮೂರರಲ್ಲೂ ಎರಡು ಬಗೆಯ ಪಾಲಿಪ್ ಇದೆ. ಮೇಲ್ಪದರದ ಸ್ಕ್ಲೆರೈಟ್‌ಗಳ ಆಕಾರದಲ್ಲೂ ಹೋಲಿಕೆ ಇದೆ.

ಹೋಲಿಕೆ ಇದ್ದರೂ ಇವನ್ನು ಮೂರು ಬೇರೆ ಕುಟುಂಬಗಳಲ್ಲಿ ಇಟ್ಟಿದ್ದರು. ಕಾರಣ ಸರಳ. ಆಗ ವಿಂಗಡಣೆಗೆ ಮೊದಲು ನೋಡುತ್ತಿದ್ದದ್ದು ಒಳಗೆ ಕಡ್ಡಿ ಇದೆಯೋ ಇಲ್ಲವೋ, ಇದ್ದರೆ ಯಾವ ಬಗೆಯದು ಎಂಬುದನ್ನು. ಗಣ ಅಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪು. ಕಡ್ಡಿ ಇಲ್ಲದವು ಮೆದು ಹವಳಗಳ ಗಣ, ಕಡ್ಡಿ ಇದ್ದವು ಗೋರ್ಗೋನಿಯನ್‌ಗಳ ಗಣ. ಇದರಲ್ಲಿ ಹುಳುಕಿದೆ ಎಂದು ಬಲ್ಲವರಿಗೆ ಗೊತ್ತಿತ್ತು. ಸ್ಮಿತ್ಸೋನಿಯನ್ ಮ್ಯೂಸಿಯಂನ ಫ್ರೆಡರಿಕ್ ಬೇಯರ್ 1981ರಲ್ಲೇ ಎರಡೂ ಗಣಗಳನ್ನು ಒಟ್ಟು ಸೇರಿಸಿ ಆಲ್ಸಿಯೊನೇಸಿಯಾ ಎಂಬ ಒಂದೇ ಗಣ ಮಾಡಿದರು. ನಡುವೆ ಗೆರೆ ಎಳೆಯುವುದು ಆಗದ ಮಾತು ಎಂಬುದು ಅದರ ಹಿಂದಿನ ತಿಳಿವಳಿಕೆ. ನನಗೆ ಕೇಳಿದರೆ ಡಿಎನ್ಎ ಇಲ್ಲದ ಕಾಲದಲ್ಲಿ ಇಷ್ಟು ದೂರ ನೋಡಿದ್ದು ದೊಡ್ಡ ಮಾತು.

ಡಿಎನ್ಎ ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. 2006ರಲ್ಲಿ ಕ್ಯಾಥರೀನ್ ಮೆಕ್‌ಫ್ಯಾಡನ್ ಮತ್ತು ಸಂಗಡಿಗರು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಜೀನ್‌ಗಳನ್ನು ಹೋಲಿಸಿ ವಂಶವೃಕ್ಷ ಬಿಡಿಸಿದರು. ಅದರಲ್ಲಿ ಆಂಥೊಮಾಸ್ಟಸ್, ಪ್ಯಾರಾಗೋರ್ಜಿಯಾ, ಕೊರಾಲಿಯಂ ಒಂದೇ ಕವಲಿನಲ್ಲಿ ಬಂದವು. ಆ ಕವಲಿಗೆ ಆಂಥೊಮಾಸ್ಟಸ್-ಕೊರಾಲಿಯಂ ಕವಲು ಎಂದೇ ಹೆಸರಾಯಿತು. ಆದರೂ ಕುಟುಂಬದ ಹೆಸರನ್ನು ಯಾರೂ ಆಗಲೇ ಬದಲಿಸಲಿಲ್ಲ. ಎಂಟು ತೋಳಿನ ಹವಳಗಳ ಮೈಟೊಕಾಂಡ್ರಿಯಾದಲ್ಲಿ ಬೇರೆ ಪ್ರಾಣಿಗಳಲ್ಲಿ ಕಾಣದ ಒಂದು ಜೀನ್ ಇದೆ. ಡಿಎನ್ಎ ನಕಲಾಗುವಾಗ ಆಗುವ ತಪ್ಪುಗಳನ್ನು ಅದು ತಿದ್ದುತ್ತಿರಬಹುದು ಎಂಬ ಅಂದಾಜಿದೆ. ಕಾರಣ ಏನೇ ಇರಲಿ, ಈ ಡಿಎನ್ಎ ಬಹಳ ನಿಧಾನ ಬದಲಾಗುತ್ತದೆ. ಮೀನು, ಚಿಟ್ಟೆಗಳನ್ನು ಗುರುತಿಸುವ ಡಿಎನ್ಎ ಬಾರ್‌ಕೋಡ್ ಇಲ್ಲಿ ಕೈಕೊಡುತ್ತದೆ. ಎರಡು ಬೇರೆ ಪ್ರಭೇದಗಳ ಬಾರ್‌ಕೋಡ್ ಅಕ್ಷರಕ್ಕೆ ಅಕ್ಷರ ಒಂದೇ ಬಂದುಬಿಡಬಹುದು. ಹಾಗಾಗಿ ಜೀವಕೋಶದ ಕೇಂದ್ರದಲ್ಲಿರುವ ಡಿಎನ್ಎಯ ನೂರಾರು ತುಣುಕುಗಳನ್ನು ಓದುವ ವಿಧಾನ ಬರುವವರೆಗೆ ಕಾಯಬೇಕಾಯಿತು.

2022ರಲ್ಲಿ ಅದು ಆಯಿತು. ಮೆಕ್‌ಫ್ಯಾಡನ್, ನೆದರ್ಲೆಂಡ್ಸ್‌ನ ಲೀನ್ ವಾನ್ ಆಫ್‌ವೇಗನ್ ಮತ್ತು ಸ್ಮಿತ್ಸೋನಿಯನ್‌ನ ಆಂಡ್ರಿಯಾ ಕ್ವಾಟ್ರಿನಿ ಇಡೀ ಆಕ್ಟೊಕೊರಾಲಿಯಾದ ವಿಂಗಡಣೆಯನ್ನೇ ಹೊಸದಾಗಿ ಬರೆದರು. ಬೇಯರ್ ಅವರ ಆಲ್ಸಿಯೊನೇಸಿಯಾ ಗಣ ಹೋಯಿತು. ಅದರ ಜಾಗಕ್ಕೆ ಎರಡು ಗಣ ಬಂದವು, ಮಲಾಕಾಲ್ಸಿಯೊನೇಸಿಯಾ ಮತ್ತು ಸ್ಕ್ಲೆರಾಲ್ಸಿಯೊನೇಸಿಯಾ. ನಾಲಿಗೆ ತಿರುಗದ ಹೆಸರುಗಳು, ಮಕ್ಕಳ ಮೇಲೆ ಹೇರಬೇಡಿ. ಅಣಬೆ ಹವಳ, ಬಬಲ್‌ಗಮ್ ಹವಳ, ಆಭರಣದ ಹವಳ ಮೂರೂ ಒಂದೇ ಕುಟುಂಬ ಆದವು. ಯಾವ ಹೆಸರಿನಲ್ಲಿ? ಇಲ್ಲಿ ಮತ್ತೆ ನಿಯಮ ಮಾತಾಡುತ್ತದೆ. ಕೊರಾಲಿಡೀ ಎಂಬುದನ್ನು ಫ್ರಾನ್ಸಿನ ಜೀವವಿಜ್ಞಾನಿ ಲಾಮೂರು 1812ರಲ್ಲಿ ಇಟ್ಟದ್ದು, ಪ್ಯಾರಾಗೋರ್ಜಿಡೀ 1916ರದ್ದು. ಹಳೆಯದೇ ಉಳಿಯಿತು. ಆ ಕುಟುಂಬ ಇರುವ ಗಣ ಸ್ಕ್ಲೆರಾಲ್ಸಿಯೊನೇಸಿಯಾ, ಹೆಸರಿನಲ್ಲೇ ಗಟ್ಟಿತನ ಇರುವ ಗಣ (ಗ್ರೀಕ್ ಭಾಷೆಯಲ್ಲಿ ಸ್ಕ್ಲೆರೋಸ್ ಅಂದರೆ ಗಟ್ಟಿ). ಮೆತ್ತನೆಯ ಅಣಬೆ ಹವಳ ಈಗ ಅಲ್ಲಿದೆ, ಏನು ಮಾಡೋಕಾಗುತ್ತೆ! ಗಣದ ಹೆಸರು ಒಟ್ಟಾರೆ ಗುಣಕ್ಕೆ ಇಟ್ಟದ್ದು, ಒಳಗಿರುವ ಎಲ್ಲರಿಗೂ ಒಪ್ಪಬೇಕು ಎಂದೇನೂ ಇಲ್ಲ.

ಇದರ ಇನ್ನೊಂದು ಮುಖವೂ ಸ್ವಾರಸ್ಯವಾಗಿದೆ. ಅಂಡಮಾನ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿಯ ತಿಳಿನೀರಿನಲ್ಲಿ ಸಾರ್ಕೊಫೈಟಾನ್ ಎಂಬ ಮೆದು ಹವಳ ಇದೆ. ಅದಕ್ಕೂ ಕಾಂಡ, ಅದಕ್ಕೂ ಅಣಬೆಯ ತಲೆ, ಅದರಲ್ಲೂ ಎರಡು ಬಗೆಯ ಪಾಲಿಪ್. ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರು ಅನ್ನಿಸುತ್ತದೆ. ಹಿಂದೆ ಎರಡನ್ನೂ ಆಲ್ಸಿಯೊನಿಡೀ ಕುಟುಂಬದಲ್ಲೇ ಇಟ್ಟಿದ್ದರು. ಈಗ ಸಾರ್ಕೊಫೈಟಾನ್ ಆಚೆಯ ಗಣದಲ್ಲಿ, ಅಂದರೆ ಮಲಾಕಾಲ್ಸಿಯೊನೇಸಿಯಾದಲ್ಲಿ ಇದೆ. ಅಂದರೆ ನಿಮ್ಮ ವಿಡಿಯೋದ ಪ್ರಾಣಿಗೆ ತನ್ನಂತೆಯೇ ಕಾಣುವ ಸಾರ್ಕೊಫೈಟಾನ್ ದೂರದ ನೆಂಟ, ಏನೇನೂ ಹೋಲದ ಉಂಗುರದ ಹವಳ ಹತ್ತಿರದ ನೆಂಟ. ಸಾಲದ್ದಕ್ಕೆ 'ಅಣಬೆ ಹವಳ' ಎಂದು ಫಂಜಿಡೀ ಕುಟುಂಬದ ಕಲ್ಲು ಹವಳಗಳನ್ನೂ ಕರೆಯುತ್ತಾರೆ, ಅವುಗಳದು ಆರರ ಲೆಕ್ಕ. ಅದಕ್ಕೇ ಚಾರ್ಟ್‌ನಲ್ಲಿ ರೂಢಿಯ ಹೆಸರಿನ ಜೊತೆ ವೈಜ್ಞಾನಿಕ ಹೆಸರು ಇರಲೇಬೇಕು.

ಇದೆಲ್ಲ ವಿಜ್ಞಾನಿಗಳ ಕಾಲಹರಣ ಎಂದು ಕೆಲವರು ಹೇಳುವುದುಂಟು. ಕಾನೂನು ಓದಿದರೆ ಹಾಗನ್ನಿಸುವುದಿಲ್ಲ. 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಹವಳಗಳನ್ನು ಸೇರಿಸಿದಾಗ 'ಸಮುದ್ರ ಬೀಸಣಿಗೆ, ಎಲ್ಲ ಗೋರ್ಗೋನಿಯನ್‌ಗಳು' ಎಂದು ಬರೆದರು. ಗೋರ್ಗೋನಿಯನ್ ಎಂಬ ಗಣವನ್ನು ಬೇಯರ್ ತೆಗೆದು ಹಾಕಿ ಆಗಲೇ 20 ವರ್ಷ ಆಗಿತ್ತು. ಈಗಿನ ವಂಶವೃಕ್ಷದಲ್ಲಂತೂ ಅವು ಎರಡೂ ಗಣಗಳಲ್ಲಿ ಚದುರಿವೆ. ವ್ಯಾಪಾರದಲ್ಲೂ ಹಾಗೇ. ಚೀನಾ 2008ರಲ್ಲಿ ನಾಲ್ಕು ಆಭರಣ ಹವಳಗಳನ್ನು ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಮೂರನೇ ಪಟ್ಟಿಗೆ ಸೇರಿಸಿತು, ನಾಲ್ಕೂ ಕೊರಾಲಿಯಂ ಎಂಬ ಹೆಸರಿನಲ್ಲಿ. ಆಮೇಲೆ ಅದರಲ್ಲಿ ಮೂರು ಪ್ಲೂರೊಕೊರಾಲಿಯಂ ಕುಲಕ್ಕೆ ಹೋದವು. ಬಂದರಿನಲ್ಲಿ ಕಾಗದ ನೋಡುವ ಅಧಿಕಾರಿಗೆ ಹಳೆ ಹೆಸರು, ಹೊಸ ಹೆಸರು ಎರಡೂ ಗೊತ್ತಿಲ್ಲದಿದ್ದರೆ ಸರಕು ಸಲೀಸಾಗಿ ದಾಟಿಹೋಗುತ್ತದೆ.

ನಮ್ಮ ಕಡೆಯ ಸಮುದ್ರದ ಆಳದಲ್ಲಿ ಏನಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗು ಹಿಂದೂ ಮಹಾಸಾಗರದಲ್ಲಿ ಸಂಗ್ರಹಿಸಿದ ಎಂಟು ತೋಳಿನ ಹವಳಗಳ ಬಗ್ಗೆ ಜೆ. ಆರ್ಥರ್ ಥಾಮ್ಸನ್ ಮತ್ತು ಹೆಂಡರ್ಸನ್ ಬರೆದ ವರದಿ 1906ರಲ್ಲೇ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂನಿಂದ ಬಂತು. ಅದರ ಮೊದಲ ಭಾಗ ಪೂರ್ತಿ ಆಳ ಸಮುದ್ರದ್ದೇ. ಆ ಕಾಲದ ಹೆಸರುಗಳಿರುವುದರಿಂದ ಇಂದು ಓದುವಾಗ ಪಕ್ಕದಲ್ಲಿ ಈಗಿನ ಪಟ್ಟಿಯೊಂದು ಇರಬೇಕು.

ಆ ಪಟ್ಟಿ ಯಾವುದು, ಯಾರು ತೀರ್ಮಾನಿಸುತ್ತಾರೆ ಎಂದಿರಿ. ಹೆಸರಿನ ನಿಯಮಗಳನ್ನು ನೋಡಿಕೊಳ್ಳಲು ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ ಇದೆ. ಆದರೆ ರಿಟ್ಟೆರಿ ಯಾವ ಕುಲ, ಯಾವ ಕುಟುಂಬ ಎಂದು ಆಯೋಗ ಆಜ್ಞೆ ಹೊರಡಿಸುವುದಿಲ್ಲ. ಒಬ್ಬರು ಪುರಾವೆ ಕೊಟ್ಟು ಪ್ರಕಟಿಸುತ್ತಾರೆ, ಉಳಿದವರು ಒಪ್ಪಿ ಬಳಸುತ್ತಾರೆ, ಇಲ್ಲವೇ ತಕರಾರು ತೆಗೆಯುತ್ತಾರೆ. ಬಹುಪಾಲು ಒಪ್ಪಿದ್ದನ್ನು ವೋರ್ಮ್ಸ್ ಎಂಬ ಸಮುದ್ರ ಜೀವಿಗಳ ಜಾಗತಿಕ ನೋಂದಣಿ ಪಟ್ಟಿಯಲ್ಲಿ ಆಯಾ ಗುಂಪಿನ ತಜ್ಞರು ದಾಖಲಿಸುತ್ತಾರೆ. ಹಳೆಯ ಹೆಸರು ಹಾಕಿ ಹುಡುಕಿದರೂ ಅದು ಹೊಸ ಹೆಸರಿಗೆ ಕರೆದೊಯ್ಯುತ್ತದೆ.

ಚಾರ್ಟ್‌ನಲ್ಲಿ ಹೀಗೆ ಬರೆಸಿ: ಹೆಟೆರೊಪಾಲಿಪಸ್ ರಿಟ್ಟೆರಿ (ನಟಿಂಗ್, 1909). ಆ ಆವರಣ ಚಿಹ್ನೆಯನ್ನು ಬಿಡಬೇಡಿ. ನಟಿಂಗ್ ಇದನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದರು ಎಂಬುದನ್ನು ಅದು ಹೇಳುತ್ತದೆ. ಕುಲ ಬದಲಾಗದ ಹೆಸರಿಗೆ ಆವರಣ ಬೇಡ, ಆಂಥೊಮಾಸ್ಟಸ್ ಗ್ರಾಂಡಿಫ್ಲೋರಸ್ ವೆರಿಲ್, 1878 ಎಂದು ಬರೆದರೆ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕುಲ ಮತ್ತು ಪ್ರಭೇದದ ಹೆಸರು ಓರೆಯಾಗಿರಲಿ, ಕುಲದ ಮೊದಲ ಅಕ್ಷರ ಮಾತ್ರ ದೊಡ್ಡದು. ಕೆಳಗೆ ಚಿಕ್ಕದಾಗಿ 'ಹಿಂದಿನ ಹೆಸರು ಆಂಥೊಮಾಸ್ಟಸ್ ರಿಟ್ಟೆರಿ' ಎಂದು ಸೇರಿಸಿ. ಮಾಂಟೆರೆ ಕೊಲ್ಲಿಯಲ್ಲಿ ಈ ಹವಳದ ಸಂತಾನೋತ್ಪತ್ತಿ, ಬೆಳವಣಿಗೆ ಬಗ್ಗೆ ನಡೆದ ಒಳ್ಳೆಯ ಅಧ್ಯಯನ 2001ರದು. ಮರಿಗಳನ್ನು ಇದು ಮೈಯೊಳಗೇ ಇಟ್ಟು ಬೆಳೆಸುತ್ತದೆ ಎಂದು ತಿಳಿಸಿದ್ದು ಅದೇ. ಅದು ಪ್ರಕಟವಾಗಿರುವುದು ಹಳೆಯ ಹೆಸರಿನಲ್ಲಿ. ಹೊಸ ಹೆಸರು ಮಾತ್ರ ಗೊತ್ತಿರುವ ಮಗುವಿಗೆ ಆ ಲೇಖನ ಸಿಗುವುದೇ ಇಲ್ಲ.